ಹೆರಾಸ್ ಪಾದ್ರಿಯ ಮೀನು

ವಿಕ್ರೋಳಿಯಿಂದ ಸಿಎಸ್‌ಎಂಟಿಗೆ ಲೋಕಲ್. ಅಲ್ಲಿಂದ ಹತ್ತು ನಿಮಿಷ ನಡೆದರೆ ಸೇಂಟ್ ಝೇವಿಯರ್ಸ್ ಕಾಲೇಜು. ಸ್ಪೇನಿನ ಜೆಸ್ಯೂಟ್ ಪಾದ್ರಿ ಹೆನ್ರಿ ಹೆರಾಸ್ 1922ರಲ್ಲಿ ಮುಂಬಯಿಗೆ ಬಂದು ಇಲ್ಲಿ ಇತಿಹಾಸ ಕಲಿಸಿದರು. 1926ರಲ್ಲಿ ಅವರು ಕಟ್ಟಿದ ಸಂಶೋಧನಾ ಸಂಸ್ಥೆಗೆ ಈಗ ಅವರದೇ ಹೆಸರು. ಮರುವರ್ಷ ಪ್ರಕಟಿಸಿದ್ದು ವಿಜಯನಗರದ ಅರವೀಡು ವಂಶದ ಇತಿಹಾಸ. ತಾಳಿಕೋಟೆಯ ಸೋಲಿಗೇ ಪುಸ್ತಕ ಮುಚ್ಚುವುದು ನಮಗೆ ಶಾಲೆಯಿಂದ ಬಂದ ಅಭ್ಯಾಸ. ಆಮೇಲೂ ಪೆನುಗೊಂಡೆಯಲ್ಲಿ, ಚಂದ್ರಗಿರಿಯಲ್ಲಿ ರಾಜ್ಯ ಉಸಿರಾಡಿತ್ತು. ಆ ಕಥೆಗೆ ದಪ್ಪ ಗ್ರಂಥವೊಂದು ಸಿಕ್ಕಿದ್ದು ಈ ಊರಿನಲ್ಲಿ.

ಭಾಷಾಶಾಸ್ತ್ರ ಓದಿದ ನನಗೆ ಹೆರಾಸ್ ಹತ್ತಿರವಾದದ್ದು ಮಾತ್ರ ಮೀನಿನಿಂದ. ಸಿಂಧೂ ಮುದ್ರೆಗಳ ಮೀನಿನ ಗುರುತನ್ನು ಅವರು ದ್ರಾವಿಡದ ‘ಮೀನ್’ ಎಂದು ಓದಿದರು. ತಮಿಳಿನಲ್ಲಿ ಅದಕ್ಕೆ ನಕ್ಷತ್ರ ಎಂಬ ಅರ್ಥವೂ ಇದೆ. ಅವರ ಉಳಿದ ಓದುಗಳನ್ನು ನಾನು ಒಪ್ಪಲಾರೆ (ಇಡೀ ವಾಕ್ಯಗಳನ್ನೇ ಓದಿಬಿಟ್ಟರು, ಪುಣ್ಯಾತ್ಮ!). ಆ ಮೀನನ್ನು ಮಾತ್ರ ಫಿನ್ಲೆಂಡಿನ ಆಸ್ಕೊ ಪರ್ಪೊಲ ಕೂಡ ಕೈಬಿಡಲಿಲ್ಲ.

ಈಗ ಬೇರೊಂದು ಇತಿಹಾಸ ವಿಭಾಗ ತನ್ನ ಪರಂಪರೆಯ ಕಿರುಹೊತ್ತಗೆಯನ್ನೂ ಮುಂದಿನ ತಿಂಗಳ ಉಪನ್ಯಾಸಗಳ ಪಟ್ಟಿಯನ್ನೂ ಮರಾಠಿಗೆ ತರಲು ಕಳಿಸಿದೆ. ಕನ್ನಡಕ್ಕೂ ಮಾಡಲೇ ಎಂದು ಕೇಳಿದೆ.

“ಇಲ್ಲಿ ಕನ್ನಡ ಯಾರು ಓದುತ್ತಾರೆ?”

ಪಟ್ಟಿಯ ನಾಲ್ಕನೆಯ ಉಪನ್ಯಾಸ ವಿಜಯನಗರದ ಶಾಸನಗಳ ಮೇಲೆ. ಎರಡೂ ಭಾಷೆಯಲ್ಲಿ ಮಾಡಿ ಕಳಿಸಿದ್ದೇನೆ, ಬಿಲ್ಲು ಒಂದಕ್ಕೇ.