ಅರ್ಥವಾಗದವನ ಕುರ್ಚಿ

ಫಿಸಿಕ್ಸ್ ಮೇಷ್ಟ್ರ ಸುದ್ದಿ ಎತ್ತಿದಿರಿ ಅಂದಮೇಲೆ ಆ ದೋಣಿ ಪ್ರಶ್ನೆಯ ಕಥೆ ಹೇಳದೆ ಏಳೋ ಹಾಗಿಲ್ಲ. ಆ ಕೊರಡನ್ನ ಸ್ವಲ್ಪ ಬೆಂಕಿಯೊಳಗೆ ತಳ್ಳಿ, ಹೇಳ್ತೀನಿ.

2013ರ ಮಾತು. ತೀರ್ಥಹಳ್ಳಿ ಕಡೆಯ ಒಂದು ಪಿಯು ಕಾಲೇಜಲ್ಲಿ ನಾನು ಕನ್ನಡ ಪಾಠ ಮಾಡ್ತಿದ್ದೆ. ಸೆಕೆಂಡ್ ಪಿಯು ಸೈನ್ಸಲ್ಲಿ ಒಬ್ಬ ಹುಡುಗಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಮನೇಲಿ ಚೂರು ಅಡಿಕೆ ತೋಟ. ಮೇಷ್ಟ್ರು ಅವಳ ಕೈಲಿ ಕೆವಿಪಿವೈ ಅರ್ಜಿ ಹಾಕಿಸಿದ್ರು. ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ಅಂತ ಉದ್ದ ಹೆಸರು. ದುಡ್ಡು ಕೇಂದ್ರ ಸರ್ಕಾರದ್ದು, ನಡೆಸ್ತಿದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಬಸ್ ಕಂಡಕ್ಟರ್ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟು. 1909ರಿಂದ ಇರೋ ಆ ಸಂಸ್ಥೆ, ಪಿಯುಸಿ ಮುಗಿಸಿದ ಮಕ್ಕಳಿಗೆ ಅಂತ ನಾಲ್ಕು ವರ್ಷದ ವಿಜ್ಞಾನ ಪದವಿ ಶುರುಮಾಡಿದ್ದು 2011ರಲ್ಲಿ. ಆಗ ದೇಶಕ್ಕೆಲ್ಲ ಸೇರಿ ಸೀಟು 120ರ ಆಸುಪಾಸು. ಕೆವಿಪಿವೈ ಅದಕ್ಕೊಂದು ಬಾಗಿಲಾಗಿತ್ತು.

ಬರವಣಿಗೆ ಪರೀಕ್ಷೆ ಪಾಸಾಗಿ ಇಂಟರ್‌ವ್ಯೂಗೆ ಕರೆ ಬಂತು. ಅವಳಪ್ಪ ಕಾಲೇಜಿಗೇ ಬಂದ್ರು. "ಬೀಎಸ್ಸಿ ಓದೋಕೆ ಬೆಂಗಳೂರಿಗ್ಯಾಕೆ ಸಾರ್? ಶಿವಮೊಗ್ಗದಲ್ಲಿ ಸಹ್ಯಾದ್ರಿ ಕಾಲೇಜಿಲ್ವಾ? ಸಿಇಟಿ ಬರೀಲಿ, ಇಂಜಿನಿಯರಿಂಗ್ ಸಿಕ್ಕಿದ್ರೆ ಸಿಗ್ಲಿ." ನಾನಾಗಿದ್ರೆ ವಿದ್ಯೆ, ಹೆಣ್ಣುಮಕ್ಕಳು ಅಂತ ಭಾಷಣ ಬಿಗೀತಿದ್ದೆ. ಮೇಷ್ಟ್ರು ಹಾಗೇನೂ ಮಾಡಲಿಲ್ಲ. "ಸಿಇಟಿನೂ ಬರೀಲಿ ಮಾರಾಯ್ರೆ, ಬೇಡ ಅಂದವರ್ಯಾರು? ಇದ್ರಲ್ಲಿ ಆಯ್ಕೆಯಾದ್ರೆ ತಿಂಗಳಿಗೆ 5000 ರೂಪಾಯಿ ಅವಳಿಗೇ ಬರತ್ತೆ. ಅದನ್ನೂ ಲೆಕ್ಕ ಹಾಕಿ" ಅಂದ್ರು. ಅಪ್ಪ ಲೆಕ್ಕ ಹಾಕ್ತಾನೇ ಹೋದ್ರು. ಎರಡು ದಿನ ಬಿಟ್ಟು ತಾಯಿನ ಜೊತೆಗೆ ಕಳಿಸ್ತೀನಿ ಅಂತ ಹೇಳಿಕಳಿಸಿದ್ರು.

ಇನ್ನು ತಯಾರಿ. ಮಕ್ಕಳು ಇಂಟರ್‌ವ್ಯೂಗೆ ಹೊರಟರೆ ನಾವು ಲೆಕ್ಚರರ್‌ಗಳು ಮಾಡೋದೇನು? "ನಿನ್ನ ಬಗ್ಗೆ ಹೇಳು" ಅಂದ್ರೆ ಹೇಳೋಕೆ ಹತ್ತು ಸಾಲು ಇಂಗ್ಲಿಷ್ ಬಾಯಿಪಾಠ ಮಾಡಿಸೋದು. ಆಯ್ಕೆಯಾದ್ರೆ ಗೇಟಿಗೆ ಫ್ಲೆಕ್ಸ್ ಕಟ್ಟೋದು. ಫ್ಲೆಕ್ಸಿಗಿರೋ ಉತ್ಸಾಹದಲ್ಲಿ ಕಾಲುಭಾಗ ಅರ್ಜಿ ತುಂಬಿಸೋದ್ರಲ್ಲಿದ್ರೂ ಸಾಕಿತ್ತು ಅನ್ನಿಸತ್ತೆ ನನಗೆ. ಮೇಷ್ಟ್ರು ಲ್ಯಾಬಲ್ಲಿ ಮೂರು ಕುರ್ಚಿ ಹಾಕಿಸಿದ್ರು. ಒಂದ್ರಲ್ಲಿ ತಾವು, ಇನ್ನೊಂದ್ರಲ್ಲಿ ಕೆಮಿಸ್ಟ್ರಿ ಮೇಡಂ. ಮೂರನೇದ್ರಲ್ಲಿ ನನ್ನ ಕೂರಿಸಿದ್ರು.

"ನನಗೆ ವಿಜ್ಞಾನದ ಗಂಧಗಾಳಿ ಇಲ್ಲ ಮೇಷ್ಟ್ರೇ" ಅಂದೆ.

"ಅದಕ್ಕೇ ಕರೆದದ್ದು. ಅರ್ಥ ಆಗ್ದಿದ್ರೆ ಆಗಿಲ್ಲ ಅನ್ನಿ. ಅಷ್ಟೇ ನಿಮ್ಮ ಕೆಲಸ."

ಹುಡುಗಿ ಬೋರ್ಡಿನ ಮುಂದೆ ನಿಂತಳು. ಮೇಷ್ಟ್ರ ಪ್ರಶ್ನೆ ಹೀಗಿತ್ತು: ಕೆರೇಲಿ ಒಂದು ದೋಣಿ, ದೋಣಿ ತುಂಬ ಕಲ್ಲು. ಕಲ್ಲನ್ನೆಲ್ಲ ಎತ್ತಿ ಕೆರೆಗೆ ಹಾಕಿದ್ರೆ ಕೆರೆ ನೀರಿನ ಮಟ್ಟ ಏರತ್ತೋ ಇಳಿಯತ್ತೋ? "ಏರತ್ತೆ" ಅಂದಳು. ನಾನೂ ಹಾಗೇ ಅಂದ್ಕೊಂಡಿದ್ದೆ. "ಯಾಕೆ?" ಅಂದ್ರು. ಅಲ್ಲಿಗೆ ಅವಳ ಬಾಯಿ ಕಟ್ಟಿತು. ಸೀಮೆಸುಣ್ಣ ಬೆರಳಲ್ಲಿ ಪುಡಿಯಾಗ್ತಿದೆ, ಕಣ್ಣು ನೆಲ ನೋಡ್ತಿದೆ. ಮೇಷ್ಟ್ರು ಗದರಲೂ ಇಲ್ಲ, ಉತ್ತರ ಹೇಳಿಕೊಡಲೂ ಇಲ್ಲ. "ನಿನಗೆ ಗೊತ್ತಿರೋದನ್ನ ಅವರು ಬರವಣಿಗೇಲೇ ನೋಡಿಯಾಯ್ತು. ಗೊತ್ತಿಲ್ಲದ್ದು ಎದುರು ಬಂದಾಗ ಏನ್ಮಾಡ್ತೀಯ ಅಂತ ನೋಡೋಕೆ ಕರೀತಾರೆ. ತಲೆಯೊಳಗೆ ಓಡ್ತಿರೋದನ್ನ ಹೊರಗೆ ಹೇಳು. ತಪ್ಪಾದ್ರೂ ಹೇಳು. ಮೊದಲು ಕನ್ನಡದಲ್ಲೇ ಹೇಳು."

ಅವಳು ದೋಣಿ ಬರೆದಳು, ಅಳಿಸಿದಳು. ಗೊಣಗ್ತಾ ಗೊಣಗ್ತಾ ದನಿ ಬಂತು. ಕಲ್ಲು ದೋಣೀಲಿದ್ದಾಗ ತನ್ನ ತೂಕದಷ್ಟು ನೀರನ್ನ ಸರಿಸಿತ್ತು. ಮುಳುಗಿದ ಮೇಲೆ ಸರಿಸೋದು ಗಾತ್ರದಷ್ಟನ್ನ ಮಾತ್ರ. ನಾನು ಕೈ ಎತ್ತಿ "ಅರ್ಥ ಆಗ್ಲಿಲ್ಲ ಮಗಾ" ಅಂದೆ. ನಟನೆ ಅಲ್ಲ, ನಿಜವಾಗೂ ಆಗಿರಲಿಲ್ಲ. ಆಗ ನನ್ನ ಕಡೆ ತಿರುಗಿ, "ಸಾರ್, ಕಲ್ಲು ನೀರಿಗಿಂತ ಭಾರ ಅಲ್ವಾ? ಒಂದು ಕೊಡ ಕಲ್ಲಿನ ತೂಕಕ್ಕೆ ಎರಡು ಕೊಡಕ್ಕೂ ಜಾಸ್ತಿ ನೀರು ಬೇಕು. ದೋಣೀಲಿದ್ದಾಗ ಅಷ್ಟು ನೀರು ಸರಿದಿತ್ತು. ಮುಳುಗಿದ್ರೆ ಒಂದೇ ಕೊಡ. ಹಾಗಾಗಿ ಇಳಿಯತ್ತೆ" ಅಂದಳು. ನನಗೆ ಹೊಳೀತು. ಮೇಷ್ಟ್ರು ಇದನ್ನೇ ಈಗ ಇಂಗ್ಲಿಷಲ್ಲಿ ಹೇಳು ಅಂದ್ರು. ತಡವರಿಸಿದರೂ ಹೇಳಿದಳು. ಆಮೇಲಿನ ದಿನಗಳಲ್ಲಿ ಹೊಸ ಹೊಸ ಪ್ರಶ್ನೆ. ನನ್ನ ಕೆಲಸ ಮಾತ್ರ ಅದೇ.

ಜನವರಿಯಲ್ಲಿ ತಾಯಿ ಮಗಳು ರಾತ್ರಿ ಬಸ್ಸಲ್ಲಿ ಹೋಗಿ ಯಶವಂತಪುರದಲ್ಲಿ ಇಳಿದ್ರು. ಇಂಟರ್‌ವ್ಯೂನಲ್ಲಿ ಸೈನ್ ಎಕ್ಸ್ ಬೈ ಎಕ್ಸ್ ಗ್ರಾಫ್ ಬರಿ ಅಂದ್ರಂತೆ. ಎಕ್ಸ್ ಸೊನ್ನೆಯ ಹತ್ತಿರ ಬಂದಾಗ ಬೆಲೆ ಒಂದು ಅಂತ ಅವಳಿಗೆ ಬಾಯಿಪಾಠ ಇತ್ತು. ಯಾಕೆ ಒಂದು ಅಂತ ಕೇಳಿದ್ರಂತೆ. ಒಂದು ವೃತ್ತ ಬರೆದು, ಕೋನ ಸಣ್ಣದಾಗ್ತಾ ಹೋದ ಹಾಗೆ ಕಂಸಕ್ಕೂ ಲಂಬಕ್ಕೂ ವ್ಯತ್ಯಾಸ ಇಲ್ಲವಾಗ್ತಾ ಬರತ್ತೆ ಅಂತ ಯೋಚಿಸ್ತಾ ಯೋಚಿಸ್ತಾ ಹೇಳಿದಳಂತೆ. ಎರಡು ಪ್ರಶ್ನೆಗೆ ಗೊತ್ತಿಲ್ಲ ಅಂದೆ ಸಾರ್, ಹೋಯ್ತು ಅನ್ಸತ್ತೆ ಅಂತ ಸಪ್ಪೆ ಮುಖ ಮಾಡ್ಕೊಂಡು ಬಂದಳು.

ಹೋಗಿರಲಿಲ್ಲ. ಆದ್ರೆ ಕೆವಿಪಿವೈ ಆಯ್ತು ಅಂದ ಮಾತ್ರಕ್ಕೆ ಸೀಟು ಬರ್ತಿರಲಿಲ್ಲ, ಸಂಸ್ಥೆಗೆ ಬೇರೇನೇ ಅರ್ಜಿ ಹಾಕಬೇಕಿತ್ತು. ಈ ವಿಷಯ ನಮ್ಮಲ್ಲಿ ಗೊತ್ತಿದ್ದದ್ದು ಮೇಷ್ಟ್ರಿಗೊಬ್ಬರಿಗೆ. ಫಲಿತಾಂಶಕ್ಕೆ ಕಾಯದೆ ಪೇಟೆಯ ಸೈಬರ್ ಸೆಂಟರಲ್ಲಿ ಅವಳ ಪಕ್ಕ ಕೂತು ಅದನ್ನೂ ತುಂಬಿಸಿದ್ದರು. ಕರೆಂಟು ಹೋಗಿ ಬಂದು, ಮತ್ತೆ ಮೊದಲಿಂದ. ಅವತ್ತು ಆ ಅರ್ಜಿ ಹೋಗದೇ ಇದ್ದಿದ್ರೆ ಅಷ್ಟೂ ತಾಲೀಮು ನೀರಲ್ಲಿ ಹೋಮ. ಆಗಸ್ಟಲ್ಲಿ ಅವಳು ಹಾಸ್ಟೆಲ್ ಸೇರಿದಳು.

ಕೆವಿಪಿವೈ 2022ರಲ್ಲಿ ನಿಂತೇಹೋಯ್ತು, ಅದಿರಲಿ. ಅವಳು ಹೋದ ಮರುವರ್ಷ ಇನ್ನೊಬ್ಬ ಹುಡುಗನಿಗೆ ಇಂಟರ್‌ವ್ಯೂ ಬಂತು. ನಾನು ಗತ್ತಿನಿಂದ ಲ್ಯಾಬಿಗೆ ಹೋಗಿ ಮೂರನೇ ಕುರ್ಚೀಲಿ ಕೂತೆ. ಮೇಷ್ಟ್ರು ನನ್ನ ಮುಖ ನೋಡಿ, "ನೀವು ಬೇಡ ಬಿಡಿ, ನಿಮಗೆ ಎಲ್ಲ ಅರ್ಥ ಆಗೋಕೆ ಶುರುವಾಗಿದೆ" ಅಂದವರೇ ಅಟೆಂಡರನ್ನ ಕೂಗಿದರು.