ಟನ್ನಿನಿಂದ ಮಿಲಿಗ್ರಾಂಗೆ

ಬೀದರಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಹೊರಟರೆ ಜಹೀರಾಬಾದ್, ಸಂಗಾರೆಡ್ಡಿ ದಾಟಿದ ಮೇಲೆ ಪಟಾನ್‌ಚೆರು ಬಂತೆಂದು ಮೂಗೇ ಹೇಳುತ್ತಿತ್ತು. ಎಂಬತ್ತರ ದಶಕದ ಕೊನೆಯ ಮಾತಿದು. ಜನ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು, ನಾನು ಅಲ್ಲೇ ಇಳಿಯುತ್ತಿದ್ದೆ. ಕೆಮಿಸ್ಟ್ರಿ ಓದಿದ ನಮ್ಮ ಕಡೆಯ ಹುಡುಗರಿಗೆ ತಿಂಗಳ ಸಂಬಳ ಕೊಡುವ ಹತ್ತಿರದ ಊರೆಂದರೆ ಅದೇ.

ನಾನು ಸೇರಿದ ಕಾರ್ಖಾನೆಯಲ್ಲಿ ಬಟ್ಟೆಯ ಬಣ್ಣಗಳಿಗೆ ಬೇಕಾದ ಇಂಟರ್‌ಮೀಡಿಯೆಟ್‌ಗಳನ್ನು ಮಾಡುತ್ತಿದ್ದರು. ಎಲ್ಲವೂ ಟನ್ನಿನ ಲೆಕ್ಕ. ಶಿಫ್ಟ್ ಮುಗಿಸಿ ಹೊರಬೀಳುವ ಕೂಲಿಗಳ ಉಗುರಿನ ಸಂದಿಯಲ್ಲಿ ಅಂದು ಯಾವ ಬ್ಯಾಚ್ ನಡೆದಿತ್ತೆಂದು ಕಾಣುತ್ತಿತ್ತು. ಮಾಲು ಡ್ರಮ್ಮಿಗೆ ಹೋಗುತ್ತಿತ್ತು, ಉಳಿದ ಹುಳಿನೀರು ಹಿಂಬದಿಯ ಮೋರಿಗೆ. ಆ ಸೀಮೆಯ ಮೋರಿಗಳ ನೀರೆಲ್ಲ ಸೇರುತ್ತಿದ್ದುದು ನಕ್ಕವಾಗು ಹಳ್ಳವನ್ನು, ನಕ್ಕವಾಗು ಸೇರುವುದು ಮಾಂಜ್ರಾ ನದಿಯನ್ನು. ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬಂದ ಅದೇ ಮಾಂಜ್ರಾ. ಹಳ್ಳದ ಬದಿಯ ಗದ್ದೆಗಳು ಹಾಳಾದವು, ಬಾವಿಗಳ ನೀರು ಬಾಯಿಗಿಡಲಾಗದಂತಾಯಿತು. ಪಟಾನ್‌ಚೆರುವಿನಲ್ಲೇ ರೋಗಿಗಳನ್ನು ನೋಡುತ್ತಿದ್ದ ಡಾ. ಕಿಶನ್ ರಾವ್ ಹಳ್ಳಿಯವರ ಜೊತೆ ನಿಂತು ವರ್ಷಗಟ್ಟಲೆ ಹೋರಾಡಿದರು. 1990ರಲ್ಲಿ ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. ಆಮೇಲೆ ಕಾರ್ಖಾನೆಗಳ ತ್ಯಾಜ್ಯನೀರಿಗೆ ಒಂದು ಸಾಮೂಹಿಕ ಶುದ್ಧೀಕರಣ ಘಟಕವೂ ಬಂತು.

ಅದೇ ಊರಿನ ಇನ್ನೊಂದು ಮಗ್ಗುಲಲ್ಲಿ 1972ರಿಂದ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆ ಇದೆ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ: ನಮ್ಮ ಹೊಲದ ಬೆಳೆಗಳೇ. ಸಸ್ಯ ತಳಿ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರು ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಶೇಂಗಾ ಹೂವಿನ ಪರಾಗ ತೋರಿಸಿದರು. ಕತ್ತಲ ಹಿನ್ನೆಲೆಯಲ್ಲಿ ಕೆಲವು ಕಣಗಳು ಎಳೆಹಸಿರಾಗಿ ಉರಿಯುತ್ತಿದ್ದವು, ಪಕ್ಕದವು ಕಪ್ಪಗೇ ಇದ್ದವು. ಹಾಕಿದ್ದು ಫ್ಲೋರೆಸೀನ್ ಡೈಅಸಿಟೇಟ್. ಅದಕ್ಕೆ ಸ್ವಂತ ಹೊಳಪಿಲ್ಲ. ಕೋಶದ ಪೊರೆ ದಾಟಿ ಒಳಹೋದಾಗ ಅಲ್ಲಿನ ಎಸ್ಟರೇಸ್ ಕಿಣ್ವಗಳು ಅದರ ಅಸಿಟೇಟನ್ನು ಕತ್ತರಿಸುತ್ತವೆ. ಬಿಡುಗಡೆಯಾದ ಫ್ಲೋರೆಸೀನ್ ಪೊರೆ ಗಟ್ಟಿಯಾಗಿದ್ದರೆ ಒಳಗೇ ಉಳಿದು ಬೆಳಗುತ್ತದೆ. ಪೊರೆ ಹರಿದಿದ್ದರೆ ಸೋರಿಹೋಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಕೆ.ಆರ್. ಶಿವಣ್ಣನವರು ಹೆಸ್ಲಪ್-ಹ್ಯಾರಿಸನ್ ಜೊತೆ 1981ರಲ್ಲಿ ಪರಾಗದ ಪೊರೆ ಮತ್ತು ಜೀವಂತಿಕೆಯ ಬಗ್ಗೆ ಬರೆದ ಪ್ರಬಂಧವನ್ನು ಆ ಗೆಳೆಯರೇ ನನಗೆ ಓದಲು ಕೊಟ್ಟರು. ಬಣ್ಣವೆಂದರೆ ಹತ್ತಿಗೆ ಹತ್ತಬೇಕಾದ ವಸ್ತು ಎಂದಷ್ಟೇ ತಿಳಿದಿದ್ದ ನನಗೆ ಜೀವ ಇದೆಯೋ ಇಲ್ಲವೋ ಎಂದು ಹೇಳುವ ಬಣ್ಣವೊಂದಿದೆ ಎಂಬುದು ತಲೆಯಲ್ಲಿ ಕೂತುಬಿಟ್ಟಿತು.

ಎರಡು ಸಾವಿರದ ಇಸವಿಯ ನಂತರ ಹೈದರಾಬಾದಿನ ಸುತ್ತ ಬೇರೆಯವರಿಗಾಗಿ ಅಣು ಕಟ್ಟಿಕೊಡುವ ಸಣ್ಣ ಲ್ಯಾಬ್‌ಗಳು ಎದ್ದವು. ಕೋಶಗಳನ್ನು ಬೆಳಗಿಸುವ ಬಣ್ಣ ಮಾಡುವ ಅಂಥ ಒಂದಕ್ಕೆ ಹೋದೆ. ಕಾರ್ಖಾನೆಯಲ್ಲಿ ಮೂಟೆಗಟ್ಟಲೆ ಸುರಿಯುತ್ತಿದ್ದ ಥ್ಯಾಲಿಕ್ ಅನ್‌ಹೈಡ್ರೈಡ್ ಇಲ್ಲಿ ಚಮಚದ ತುದಿಯಲ್ಲಿತ್ತು. 1871ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಬೇಯರ್ ಫ್ಲೋರೆಸೀನ್ ಮಾಡಿದ್ದು ಅದರಿಂದಲೇ, ರೋಡಮೀನ್ ಬಣ್ಣಗಳಿಗೂ ಅದೇ ಮೂಲ. ಬಣ್ಣವನ್ನು ಶುದ್ಧಮಾಡಲು ಸಿಲಿಕಾ ತುಂಬಿದ ಕಾಲಮ್ ಇಳಿಸುವಾಗ ಕೋಣೆ ಕತ್ತಲೆ ಮಾಡಿ ಯುವಿ ದೀಪ ಹಿಡಿಯುತ್ತಿದ್ದೆವು. ಸಿಲಿಕಾದ ಮೇಲೆ ಕಿತ್ತಳೆ, ಹಸಿರು ಪಟ್ಟಿಗಳು ಒಂದೊಂದಾಗಿ ಬೇರೆಯಾಗುವುದನ್ನು ನೋಡಲು ಪಕ್ಕದ ಬೆಂಚಿನವರೂ ಬರುತ್ತಿದ್ದರು. ಕೊನೆಗೆ ಸಿಗುವುದು ಕೆಲವೇ ಮಿಲಿಗ್ರಾಂ. ಬೆಳಕು ತಾಗದಂತೆ ಅಲ್ಯೂಮಿನಿಯಂ ಹಾಳೆ ಸುತ್ತಿದ ಸೀಸೆಯಲ್ಲಿ ಅದನ್ನು ಕಳಿಸಬೇಕು.

ಕೋಶದೊಳಗಿನ ಪರೀಕ್ಷೆ ಬಟ್ಟೆಯ ಪರೀಕ್ಷೆಗಿಂತ ಬಹಳ ಕಠಿಣ. ನೀರಲ್ಲಿ ಗಂಟುಕಟ್ಟಿದರೆ ಹೊಳಪು ಸತ್ತಿತು. ಎದ್ದು ಕಾಣುವಷ್ಟು ಲೇಸರ್ ಬಿಟ್ಟರೆ ಬಣ್ಣವೇ ವಿಷದಂಥ ಆಮ್ಲಜನಕ ಹುಟ್ಟಿಸಿ ಕೋಶವನ್ನು ಕೊಲ್ಲುತ್ತದೆ. ಹಾಗಾಗಿ ಒಂದೊಂದು ಪರಮಾಣುವಿಗೂ ಬೆಲೆ. ರೋಡಮೀನಿನ ನಡುವಿನ ಆಮ್ಲಜನಕದ ಜಾಗಕ್ಕೆ ಸಿಲಿಕಾನ್ ಬಂದರೆ ಬಣ್ಣ ಅತಿಗೆಂಪಿನತ್ತ ಸರಿಯುತ್ತದೆ, ಕೋಶಕ್ಕೆ ಆ ಬೆಳಕು ಹಿತ. 2015ರಲ್ಲಿ ಅಮೆರಿಕದ ಲ್ಯೂಕ್ ಲೇವಿಸ್ ತಂಡ ರೋಡಮೀನಿನ ಡೈಮೀಥೈಲ್ ಅಮೈನನ್ನು ನಾಲ್ಕು ಪರಮಾಣುಗಳ ಅಜೆಟಿಡೀನ್ ಉಂಗುರಕ್ಕೆ ಬದಲಾಯಿಸಿತು, ಅಷ್ಟೇ. ಹೀರಿದ ಬೆಳಕಿನಲ್ಲಿ ಮರಳಿ ಹೊಮ್ಮುವ ಪಾಲು 0.41ರಿಂದ 0.88ಕ್ಕೆ ಏರಿತು. ಆ ಪ್ರಬಂಧ ಓದಿದ ದಿನ ಲ್ಯಾಬಿನಲ್ಲಿ ಬೇರೆ ಮಾತೇ ಇರಲಿಲ್ಲ.

ಮಿಲಿಗ್ರಾಂ ಎಂದಾಗಲೆಲ್ಲ 2007ರ ಇನ್ನೊಂದು ಪ್ರಬಂಧ ನೆನಪಾಗುತ್ತದೆ. ಸ್ವೀಡನ್ನಿನ ಯೋಯಾಕಿಮ್ ಲಾರ್ಸನ್ ತಂಡ ಪಟಾನ್‌ಚೆರುವಿನ ಶುದ್ಧೀಕರಣ ಘಟಕದಿಂದ ಹೊರಬರುವ ನೀರನ್ನು ಅಳೆದಾಗ ಲೀಟರಿಗೆ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಸಿಕ್ಕಿತು. ಯುವಿ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವ ಅಣು ಅದು. ನಾವು ವಾರಗಟ್ಟಲೆ ದುಡಿದು ಒಂದು ಸೀಸೆಯಲ್ಲಿ ಕಟ್ಟುತ್ತಿದ್ದಷ್ಟು ವಸ್ತು ಅಲ್ಲಿ ಒಂದೇ ಲೀಟರ್ ನೀರಿನಲ್ಲಿ ಹರಿದುಹೋಗುತ್ತಿತ್ತು. ಸಣ್ಣ ಲ್ಯಾಬೆಂದರೆ ತಾನಾಗಿಯೇ ಶುಭ್ರ ಎಂದೂ ನಾನು ಹೇಳಲಾರೆ. ಆ ಕೆಲವು ಮಿಲಿಗ್ರಾಂ ಬಣ್ಣಕ್ಕೆ ಲೀಟರುಗಟ್ಟಲೆ ಡೈಕ್ಲೋರೊಮೀಥೇನ್, ಮೆಥನಾಲ್ ಖರ್ಚಾಗುತ್ತದೆ.

ಬೀದರ್, ಕಲಬುರಗಿ, ರಾಯಚೂರಿನ ಕಾಲೇಜುಗಳ ಕೆಮಿಸ್ಟ್ರಿ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಫ್ಲೋರೆಸೀನನ್ನು ಮಕ್ಕಳೇ ಪ್ರಾಕ್ಟಿಕಲ್‌ನಲ್ಲಿ ಮಾಡಬಹುದು. ಅಸಿಟಿಕ್ ಅನ್‌ಹೈಡ್ರೈಡ್ ಜೊತೆ ಕುದಿಸಿದರೆ ಅದೇ ಡೈಅಸಿಟೇಟ್ ಆಗುತ್ತದೆ. ಬಾಟನಿ ವಿಭಾಗದವರನ್ನು ಕರೆದು ಈರುಳ್ಳಿಯ ಒಳಪೊರೆಗೋ ಶೇಂಗಾ ಪರಾಗಕ್ಕೋ ಹಾಕಿ ತೋರಿಸಿ. ಬಳಸಿದ ದ್ರಾವಕವನ್ನು ಸಿಂಕಿಗೆ ಸುರಿಯದೆ ಡಬ್ಬಿಗೆ ತುಂಬಿಡುವುದನ್ನೂ ಅದೇ ದಿನ ಕಲಿಸಿ.