ನೀರಿನ ಕೆಳಗೊಂದು ದಾರಿ

ಬೇವೂರು, ಹುನಗುಂದ, ಇಳಕಲ್ಲಿನ ಕಡೆಯ ಜನರಿಗೆ ಕೂಡಲಸಂಗಮವು ಹೊಸ ಸ್ಥಳವೇನೂ ಅಲ್ಲ. ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಆ ತಾಣದಲ್ಲಿ ಬಸವಣ್ಣನವರ ಐಕ್ಯಮಂಟಪವಿದೆ. ನಾರಾಯಣಪುರದಲ್ಲಿ ಕೃಷ್ಣೆಗೆ ಅಣೆಕಟ್ಟು ಬಂದುದರಿಂದ ಹಿನ್ನೀರು ಸಂಗಮದವರೆಗೂ ಹರಡಿತು. ಮಂಟಪವು ಮುಳುಗಬಾರದೆಂದು ಅದರ ಸುತ್ತಲೂ ಬಾವಿಯ ಆಕಾರದ ಎತ್ತರವಾದ ಗೋಡೆಯನ್ನು ಕಟ್ಟಿದರು. ಯಾತ್ರಿಕನು ಸೇತುವೆಯ ಮೇಲೆ ನಡೆದುಹೋಗಿ, ಮೆಟ್ಟಿಲುಗಳನ್ನಿಳಿದು ಮಂಟಪವನ್ನು ಸೇರುತ್ತಾನೆ. ಹೊಳೆ ತುಂಬಿದಾಗ ಗೋಡೆಯ ಆಚೆಗೆ ನೀರು ಅವನ ತಲೆಗಿಂತ ಮೇಲೆ ನಿಂತಿರುತ್ತದೆ. ಈಚೆಗೆ ಅವನು ನೆಲದ ಮೇಲೆ ಕೈಮುಗಿದು ನಿಂತಿರುತ್ತಾನೆ. ಭಕ್ತಿಯಲ್ಲಿ ಮೈಮರೆತವನಿಗೆ ಆ ಗೋಡೆಯ ನೆನಪೂ ಬಾರದು.

ಹಿಂದೆ ಈ ಸೀಮೆಯಲ್ಲಿ ಹೊಳೆ ದಾಟಲು ಹರಿಗೋಲೇ ಗತಿಯಾಗಿತ್ತು. ಬಿದಿರಿನ ದೊಡ್ಡ ಬುಟ್ಟಿಗೆ ತೊಗಲನ್ನು ಹೊದಿಸಿದರೆ ಹರಿಗೋಲು ಸಿದ್ಧ. ಅದನ್ನು ನಡೆಸುವ ಅಂಬಿಗನ ಕಾಯಕಕ್ಕೆ ಗೌರವವೂ ಇತ್ತು; ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನು ಆ ಕಾಯಕದವನೇ. ಆದರೆ ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿತೆಂದರೆ ಅಂಬಿಗನೂ ಹುಟ್ಟನ್ನು ಕೆಳಗಿಡಬೇಕಾಗುತ್ತಿತ್ತು. ಆಚೆಯ ದಂಡೆ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಸಂತೆಗೆ ಹೊರಟವನು ನಾಳೆ ಹೋದಾನು. ವೈದ್ಯನಿಗಾಗಿ ಹೊರಟವನು ಏನು ಮಾಡಬೇಕು?

ನೀರಿನ ಮೇಲೆ ದಾರಿ ಸಿಗದ ಕಡೆ ಮನುಷ್ಯನು ನೀರಿನ ಕೆಳಗೆ ದಾರಿಯನ್ನು ಹುಡುಕಿದನು. ಲಂಡನ್ ನಗರದ ಥೇಮ್ಸ್ ನದಿಯಲ್ಲಿ ಎತ್ತರವಾದ ಹಡಗುಗಳು ಓಡಾಡುತ್ತಿದ್ದುದರಿಂದ ಬಂದರಿನ ಭಾಗದಲ್ಲಿ ಸೇತುವೆ ಕಟ್ಟುವುದು ಕಷ್ಟವಾಗಿತ್ತು. 1825ರಲ್ಲಿ ಮಾರ್ಕ್ ಬ್ರೂನೆಲ್ ಎಂಬ ಎಂಜಿನಿಯರನು ಅಲ್ಲಿ ಸುರಂಗದ ಕೆಲಸವನ್ನು ಆರಂಭಿಸಿದನು. ಹಡಗಿನ ಮರವನ್ನು ಕೊರೆಯುವ ಸಣ್ಣ ಜೀವಿಯೊಂದು ಅವನಿಗೆ ಗುರುವಾಯಿತು. ಅದು ಗಟ್ಟಿಯಾದ ಚಿಪ್ಪಿನಿಂದ ಮುಂದೆ ಕೊರೆಯುತ್ತ, ಹಿಂದೆ ಉಳಿದ ರಂಧ್ರದ ಗೋಡೆಗೆ ಲೇಪ ಹಚ್ಚುತ್ತದೆ. ಬ್ರೂನೆಲನೂ ಕಬ್ಬಿಣದ ದೊಡ್ಡ ಚೌಕಟ್ಟೊಂದನ್ನು ಮಾಡಿಸಿದನು. ಅದರ ಗೂಡುಗಳಲ್ಲಿ ನಿಂತು ಕೆಲಸಗಾರರು ಸ್ವಲ್ಪ ಸ್ವಲ್ಪವಾಗಿ ಮಣ್ಣನ್ನು ಅಗೆದರು. ಚೌಕಟ್ಟು ಮುಂದೆ ಸರಿದಂತೆ ಹಿಂದೆ ಇಟ್ಟಿಗೆಯ ಗೋಡೆ ಏಳುತ್ತಿತ್ತು. ಆದರೂ ನದಿ ಸುಮ್ಮನಿರಲಿಲ್ಲ. 1828ರಲ್ಲಿ ಒಳನುಗ್ಗಿದ ನೀರು ಆರು ಮಂದಿ ಕೆಲಸಗಾರರ ಪ್ರಾಣವನ್ನು ತೆಗೆದುಕೊಂಡಿತು. ಕೆಲಸವು ಏಳು ವರ್ಷ ನಿಂತಿತು. ಸುಮಾರು 400 ಮೀಟರಿನ ಆ ಸುರಂಗವು ತೆರೆದದ್ದು 1843ರಲ್ಲಿ. ಇಂದಿಗೂ ಅದರಲ್ಲಿ ರೈಲುಗಳು ಓಡುತ್ತಿವೆ.

ನದಿಗಿಂತ ಕಡಲು ದೊಡ್ಡದು. ಜಪಾನಿನ ಹೊನ್‌ಶು ಮತ್ತು ಹೊಕ್ಕೈಡೊ ದ್ವೀಪಗಳ ನಡುವೆ ತ್ಸುಗರು ಜಲಸಂಧಿಯಿದೆ. 1954ರ ಸೆಪ್ಟೆಂಬರಿನಲ್ಲಿ ಬಿರುಗಾಳಿಗೆ ಸಿಕ್ಕಿ ತೋಯಾ ಮಾರು ಎಂಬ ಹಡಗು ಅಲ್ಲಿ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಡಲಿನ ಕೆಳಗೆ ರೈಲುದಾರಿ ಬೇಕೆಂಬ ಹಳೆಯ ಆಲೋಚನೆಗೆ ಈ ದುಃಖವು ಬಲವನ್ನು ಕೊಟ್ಟಿತು. ಅಗೆಯುವವರು ಮೊದಲು ಉದ್ದವಾದ ರಂಧ್ರಗಳನ್ನು ಕೊರೆದು ಮುಂದಿನ ಬಂಡೆಯನ್ನು ಪರೀಕ್ಷಿಸುತ್ತಿದ್ದರು. ಬಿರುಕುಗಳಿಗೆ ಸಿಮೆಂಟಿನ ಮಿಶ್ರಣವನ್ನು ತುಂಬಿ, ಅದು ಗಟ್ಟಿಯಾದ ಮೇಲೆಯೇ ಹೆಜ್ಜೆ ಇಡುತ್ತಿದ್ದರು. ಹಾಗಿದ್ದರೂ ನೀರು ಹಲವು ಬಾರಿ ನುಗ್ಗಿತು. 34 ಮಂದಿ ಆ ಕೆಲಸದಲ್ಲಿ ಅಸುನೀಗಿದರು. 1988ರ ಮಾರ್ಚ್ 13ರಂದು ಸೈಕನ್ ಸುರಂಗದಲ್ಲಿ ರೈಲು ಸಂಚಾರ ಆರಂಭವಾಯಿತು. ಅದರ ಉದ್ದ 53.85 ಕಿಲೋಮೀಟರು; ಅದರಲ್ಲಿ 23.3 ಕಿಲೋಮೀಟರು ಕಡಲಿನ ಕೆಳಗಿದೆ. ಅತ್ಯಂತ ತಗ್ಗಿನ ಭಾಗವು ಕಡಲಿನ ಮಟ್ಟಕ್ಕಿಂತ 240 ಮೀಟರು ಆಳದಲ್ಲಿದೆ.

ಕಡಲಿನ ತಳದ ಭಾಗವನ್ನಷ್ಟೇ ಅಳೆದರೆ ಸೈಕನ್ನಿಗಿಂತ ಉದ್ದವಾದುದು ಇಂಗ್ಲೆಂಡ್ ಮತ್ತು ಫ್ರಾನ್ಸುಗಳನ್ನು ಕೂಡಿಸುವ ಸುರಂಗ. 1994ರಲ್ಲಿ ಉದ್ಘಾಟನೆಯಾದ ಅದರ ಸುಮಾರು 38 ಕಿಲೋಮೀಟರು ಕಡಲಿನ ಕೆಳಗಿದೆ. ಎರಡು ದೇಶದವರೂ ತಮ್ಮ ತಮ್ಮ ದಡದಿಂದ ಅಗೆಯುತ್ತ ಬಂದು, 1990ರ ಡಿಸೆಂಬರ್ 1ರಂದು ನಡುವೆ ಕೈಕುಲುಕಿದರು. ಭಾರತದಲ್ಲಿಯೂ 2024ರ ಮಾರ್ಚಿನಲ್ಲಿ ಕೊಲ್ಕತ್ತದ ಮೆಟ್ರೊ ರೈಲು ಹೂಗ್ಲಿ ನದಿಯ ಕೆಳಗೆ ಓಡತೊಡಗಿತು. ಅಲ್ಲಿ ನದಿಯ ಕೆಳಗಿನ 520 ಮೀಟರಿನ ದಾರಿ ಒಂದು ನಿಮಿಷದೊಳಗೆ ಮುಗಿಯುತ್ತದೆ.

ಇವನ್ನೆಲ್ಲ ಕಂಡು ಮನುಷ್ಯನು ನೀರನ್ನು ಗೆದ್ದನೆಂದು ಹೇಳಬಹುದೇ? ಸೈಕನ್ ಸುರಂಗದೊಳಗೆ ಇಂದಿಗೂ ನೀರು ಜಿನುಗುತ್ತಲೇ ಇದೆ. ಪಂಪುಗಳು ಹಗಲಿರುಳೆನ್ನದೆ ಅದನ್ನು ಮೇಲಕ್ಕೆತ್ತುತ್ತಿವೆ. ನೀರು ಸೋಲುವುದಿಲ್ಲ, ಕಾಯುತ್ತದೆ. ಅದಕ್ಕಿಂತ ಎಚ್ಚರವಾಗಿ ಕಾಯುವವರು ಇರುವವರೆಗೆ ಮಾತ್ರ ದಾರಿ ದಾರಿಯಾಗಿರುತ್ತದೆ. ಸುರಂಗದ ರೈಲಿನಲ್ಲಿ ತೂಕಡಿಸುವ ಪ್ರಯಾಣಿಕನಿಗೂ ಸಂಗಮದ ಮೆಟ್ಟಿಲನ್ನಿಳಿಯುವ ಯಾತ್ರಿಕನಿಗೂ ಕಾಲಡಿಯ ನೆಲವು ಒಣಗಿರುತ್ತದೆ. ಅದನ್ನು ಒಣಗಿಸಿ ಕೊಟ್ಟವರ ಹೆಸರು ಇಬ್ಬರಿಗೂ ತಿಳಿಯದು. ಹೆಸರು ತಿಳಿಯದಿದ್ದರೂ ಋಣವು ಋಣವೇ. ಮೆಟ್ಟಿಲನ್ನು ಹತ್ತಿ ಮರಳುವಾಗ ಒಂದು ಕ್ಷಣ ಆ ಗೋಡೆಯ ಕಡೆಗೂ ತಿರುಗಿ ನೋಡಿದರೆ, ಅದೂ ಒಂದು ನಮಸ್ಕಾರವೇ.